ಶನಿವಾರದ ಆತ್ಮವಿಮರ್ಶೆ

ನಡುರಾತ್ರಿ ಅಡುಗೆಮನೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಿಗೆ ಅಲ್ಪವಿರಾಮ ಎದ್ದು ಕೂತ. ಪಕ್ಷದ ಪತ್ರಿಕೆಗೆ ಕರಡು ತಿದ್ದುವ ಅವನು ಮಾತಿನ ನಡುವೆ ನಿಂತು ನಿಂತು ಉಸಿರೆಳೆದುಕೊಳ್ಳುತ್ತಿದ್ದುದರಿಂದ ಮುದ್ರಣಾಲಯದವರು ಇಟ್ಟ ಹೆಸರದು. ಇಣುಕಿದರೆ, ಹೆಂಡತಿ ಹಿಟ್ಟಿನ ಡಬ್ಬಿಯ ಹಿಂದೆ ಪುಟ್ಟ ದೀಪ ಹಚ್ಚಿ ಕೈಮುಗಿದು ನಿಂತಿದ್ದಳು.

ದೇವರನ್ನು ಇಟ್ಟುಕೊಂಡವನಿಗೆ ಪಕ್ಷದಲ್ಲಿ ಜಾಗವಿಲ್ಲ. ಪಕ್ಷದಲ್ಲಿ ಜಾಗವಿಲ್ಲದವನಿಗೆ ಕೆಲಸವಿಲ್ಲ, ಪಕ್ಷ ಕೊಟ್ಟ ಈ ಎರಡು ಕೋಣೆಯ ಮನೆಯೂ ಇಲ್ಲ. ಬೆಳಗಾಗುವವರೆಗೆ ಅವನು ಪಿಸುದನಿಯಲ್ಲಿ ಅವಳಿಗೆ ಭೌತವಾದ ಬೋಧಿಸಿದ. ಅವಳು ಆಕಳಿಸುತ್ತ ಕೇಳಿಸಿಕೊಂಡಳು.

ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಪಕ್ಕದ ಮನೆಯ, ಅದೇ ಮುದ್ರಣಾಲಯದ ಬೈಂಡರ್ ಹಲ್ಲುಜ್ಜುತ್ತ, "ರಾತ್ರಿ ನಿಮ್ಮನೇಲಿ ದೀಪ ಉರೀತಿತ್ತಲ್ಲ, ಯಾರಿಗಾದ್ರೂ ಹುಷಾರಿಲ್ವಾ?" ಎಂದ. ಅಲ್ಪವಿರಾಮ ಬಾಯಿ ಮುಕ್ಕಳಿಸದೆಯೇ ಒಳಗೆ ನಡೆದ. ಅಂದು ಶನಿವಾರ. ಸಂಜೆ ಎಲ್ಲರೂ ಸಭೆಯಲ್ಲಿ ಎದ್ದು ನಿಂತು ತಂತಮ್ಮ ತಪ್ಪು ಒಪ್ಪಿಕೊಳ್ಳಬೇಕು. ತಾನು ಹೇಳದಿದ್ದರೆ ಬೈಂಡರ್ ಹೇಳುತ್ತಾನೆ. ಆ ದಿನವಿಡೀ ಅವನು ಸರಿಯಿದ್ದ ಪದಗಳನ್ನು ಹುಡುಕಿ ಹುಡುಕಿ ತಪ್ಪು ಮಾಡಿದ.

ಸಭೆಯಲ್ಲಿ ಬೈಂಡರ್ ಅಂಟು ಹೆಚ್ಚು ಬಳಸಿದ್ದನ್ನು ಒಪ್ಪಿಕೊಂಡು ಕೂತ ಮೇಲೆ ಇವನ ಸರದಿ ಬಂತು.

"ನಮ್ಮನೇಲಿ ಹೆಂಡ್ತಿ... ದೀಪ ಹಚ್ತಾಳೆ ಸಂಗಾತಿಗಳೇ. ದೇವರಿಗೆ."

ವರದಿ ಬರೆದುಕೊಳ್ಳುತ್ತಿದ್ದ ಶಾಖೆಯ ಕಾರ್ಯದರ್ಶಿಗಳು ಪೆನ್ನಿಗೆ ಮುಚ್ಚಳ ಹಾಕಿ, ಆಮೇಲೆ ತಮ್ಮ ಕೋಣೆಗೆ ಬರುವಂತೆ ಹೇಳಿದರು.

ಅಲ್ಲಿ ಬಾಗಿಲು, ಕಿಟಕಿ ಎರಡನ್ನೂ ಅವರೇ ಮುಚ್ಚಿದರು. ಮನೆ ಖಾಲಿ ಮಾಡಲು ಎಷ್ಟು ದಿನ ಕೊಡುತ್ತಾರೋ ಎಂದು ಇವನು ಲೆಕ್ಕ ಹಾಕುತ್ತಿದ್ದ.

"ನಿಮ್ಮಾಕೆ ಬೇಡ್ಕೊಂಡಿದ್ದು ಆಗುತ್ತಾ?" ಎಂದರು ಕಾರ್ಯದರ್ಶಿಗಳು.

"ಒಂದೊಂದ್ಸಲ."

"ನಾಳೆ ಮೇಲಿನ ಸಮಿತಿಗೆ ಚುನಾವಣೆ. ನನ್ನ ಪರವಾಗಿ ಒಂದು ಮಾತು ಹಾಕೋಕೆ ಹೇಳಿ. ವೈಜ್ಞಾನಿಕವಾಗಿ ಇದು ತಪ್ಪೇ. ಆದ್ರೆ ನನ್ನೆದುರು ನಿಂತಿರೋನ ಹೆಂಡ್ತಿ ವಾರದಿಂದ ಉಪವಾಸ ಇದಾಳಂತೆ."

ಗೆದ್ದರೆ ಇಂದಿನ ತಪ್ಪು ಸಭೆಯ ವರದಿಯಲ್ಲಿ ಇರುವುದಿಲ್ಲ, ಸೋತರೆ ಇರುತ್ತದೆ ಎಂದೂ ತಿಳಿಸಿದರು.

ಅಲ್ಪವಿರಾಮ ಮನೆಗೆ ಓಡಿದ. ಇವತ್ತೊಂದು ದಿನ ದೀಪ ಹಚ್ಚಿಬಿಡು ಎಂದು ಹೆಂಡತಿಯನ್ನು ಅಂಗಲಾಚಿದ.

"ನೀವು ಹೇಳಿದ್ದನ್ನೇ ಯೋಚ್ನೆ ಮಾಡಿದೆ ಕಣ್ರೀ," ಎಂದಳು ಅವಳು. "ದೇವರೂ ಇಲ್ಲ, ದಿಂಡರೂ ಇಲ್ಲ. ದೀಪಾನ ಹಳೇ ಪಾತ್ರೆಯವನಿಗೆ ಕೊಟ್ಬಿಟ್ಟೆ. ಇನ್ನು ಯಾರೇ ಹೇಳಿದ್ರೂ ಕೈ ಮುಗಿಯಲ್ಲ."

ಎಷ್ಟು ಗೋಗರೆದರೂ ಜಗ್ಗಲಿಲ್ಲ. ತತ್ವ ಅಂದಮೇಲೆ ತತ್ವ ಎಂದು ಅವನಿಗೇ ಪಾಠ ಹೇಳಿದಳು.

ಅವಳು ಒಲೆಯ ಮುಂದಿದ್ದಾಗ ಅವನು ಬಚ್ಚಲುಮನೆಗೆ ಹೋಗಿ ಅಗುಳಿ ಹಾಕಿ, ನಲ್ಲಿ ಬಿಟ್ಟು, ಕೈಮುಗಿದ. ಪ್ರಾರ್ಥನೆಯೊಂದೂ ಬಾಯಿಗೆ ಬರುತ್ತಿರಲಿಲ್ಲ. "ಮಾನ್ಯರೇ" ಎಂದು ಶುರುಮಾಡಿ, ಕಾರ್ಯದರ್ಶಿಗಳ ಪೂರ್ತಿ ಹೆಸರು, ಹುದ್ದೆ, ಶಾಖೆಯ ವಿಳಾಸವನ್ನು ಅರ್ಜಿಯಂತೆ ಒಪ್ಪಿಸಿದ. ತಪ್ಪಿ ಬೇರೆ ಯಾರನ್ನೋ ಗೆಲ್ಲಿಸಿಬಿಟ್ಟರೆ ಎಂದು ಎರಡನೆಯ ಸಲವೂ ಹೇಳಿದ.

ಮುಂದಿನ ಶನಿವಾರ ಶಾಯಿ ಚೆಲ್ಲಿದೆನೆಂದು ಒಪ್ಪಿಕೊಂಡರಾಯಿತು. ಇದನ್ನು ಮಾತ್ರ ಸಭೆಗೂ ಹೇಳಬಾರದು, ಹೆಂಡತಿಗಂತೂ ಸಾಯುವವರೆಗೆ ಹೇಳಬಾರದು ಎಂದುಕೊಂಡು ನಲ್ಲಿ ನಿಲ್ಲಿಸಿದ.