ಪಂಚಾಕ್ಷರಿಯ ಪಥ್ಯಯಂತ್ರ

“ಬಾರೇ ಕೊಟ್ರಮ್ಮ, ಇನ್ಮೇಲೆ ನಮ್ಮನೇಲಿ ಕಾಯಿಲೆಗೆ ಜಾಗವೇ ಇಲ್ಲ!” ಎಂದು ಪಂಚಾಕ್ಷರಿ ಊಟದ ಮನೆಯ ಮೂಲೆಯಲ್ಲಿದ್ದ ಯಂತ್ರದ ಮೇಲಿನ ಬಟ್ಟೆ ಸರಿಸಿದ. ಹಳೇ ಟೇಬಲ್ ಫ್ಯಾನಿನ ಮುಂಡ, ಎರಡು ಉಕ್ಕಿನ ಕೈ, ಕೆಳಗೆ ಚಕ್ರ. ದಾವಣಗೆರೆಯ ಅರ್ಧ ಊರಿನ ಮಿಕ್ಸಿ ರಿಪೇರಿ ಮಾಡುವವನ ಕೈಚಳಕ!

“ಫೋನಿಗೆ ಬರೋ ಆರೋಗ್ಯದ ಮೆಸೇಜು, ವಿಡಿಯೊ ಎಲ್ಲಾ ತಾನೇ ತಿಳ್ಕೊಳ್ಳುತ್ತೆ. ಹೆಚ್ಚು ಜನ ಕಳಿಸಿದ್ದೇ ಸತ್ಯ! ಅದರ ಪ್ರಕಾರ ನಮಗೆ ಉಣ್ಣಿಸುತ್ತೆ!”

“ಇವತ್ತೇ ಬೇಕಿತ್ತೇನ್ರೀ ಇದು?” ಕೊಟ್ರಮ್ಮನಿಗೆ ಅಳುವೇ ಬಂತು. ಇವತ್ತು ಅಕ್ಕ ನೀಲಮ್ಮ ಊಟಕ್ಕೆ ಬರುವವಳಿದ್ದಳು. ಗೃಹಪ್ರವೇಶದ ದಿನ ತನ್ನ ಹೋಳಿಗೆಗೆ ಮಾತ್ರ ತುಪ್ಪ ಹಾಕಲಿಲ್ಲವೆಂದು ಎಲೆ ಬಿಟ್ಟೆದ್ದು ಹೋದವಳು ಮತ್ತೆ ಈ ಹೊಸಿಲು ತುಳಿದಿರಲಿಲ್ಲ. ಈ ಸಲವೂ ಉಣ್ಣದೆ ಎದ್ದರೆ ಅಕ್ಕ-ತಂಗಿಯರ ಸಂಬಂಧ ಅಲ್ಲಿಗೇ ಮುಗಿದಂತೆ.

ನೀಲಮ್ಮ ಬಂದಳು, ಮುಖ ಬಿಗಿದುಕೊಂಡೇ ಕೂತಳು. ಕೊಟ್ರಮ್ಮ ಬಿಸಿ ಹೋಳಿಗೆ ಬಡಿಸಿ ತುಪ್ಪದ ಮಿಳ್ಳೆ ಬಗ್ಗಿಸಿದಳೋ ಇಲ್ಲವೋ, ಟಣ್! ಉಕ್ಕಿನ ಕೈ ಮಿಳ್ಳೆ ಕಸಿದುಕೊಂಡಿತು.

“ತುಪ್ಪ ಹೃದಯದ ಶತ್ರು!” ಎಂದಿತು ಯಂತ್ರ.

“ಮತ್ತೆ ತುಪ್ಪವೇ?” ನೀಲಮ್ಮ ಕೆಂಪಾದಳು. “ಮನೆಗೆ ಕರೆದು ಮರ್ಯಾದೆ ತೆಗೀತೀಯಾ?”

“ಅಯ್ಯೋ, ನಾನಲ್ಲ ಕಣೇ ಅಕ್ಕ, ಇವರ ಯಂತ್ರ!”

ಅಷ್ಟರಲ್ಲಿ ಪಂಚಾಕ್ಷರಿಯ ಫೋನು ಟಿಂಗ್ ಎಂದಿತು. “ತಿದ್ದುಪಡಿ! ತುಪ್ಪವೇ ಅಮೃತ!” ಎನ್ನುತ್ತಾ ಯಂತ್ರ ಮಿಳ್ಳೆಯನ್ನು ಹೋಳಿಗೆಯ ಮೇಲೂ ನೀಲಮ್ಮನ ರೇಷ್ಮೆ ಸೆರಗಿನ ಮೇಲೂ ಬೋರಲು ಹಾಕಿತು! ಟಿಂಗ್! ಬೆಲ್ಲ ವಿಷವಂತೆ, ಹೋಳಿಗೆ ಮಾಯ! ಟಿಂಗ್! ಹಾಗಲಕಾಯಿ ರಸ ಒಳ್ಳೆಯದಂತೆ, ಒಂದು ಲೋಟ ಪಂಚಾಕ್ಷರಿಯ ಬಾಯಿಗೆ!

“ಸ್ವಿಚ್ ಆಫ್ ಮಾಡ್ರೀ!”

“ಆರೋಗ್ಯಕ್ಕೆ... ಥೂ... ರಜಾ ಯಾಕೆ ಅಂತ ಸ್ವಿಚ್ಚೇ ಇಟ್ಟಿಲ್ಲ ಕಣೇ!”

ನೀಲಮ್ಮ ಎದ್ದು ಚಪ್ಪಲಿ ಹುಡುಕಿದಳು. ಕೊಟ್ರಮ್ಮ ಓಡಿಹೋಗಿ ಕೈ ಹಿಡಿದುಕೊಂಡಳು. “ಒಂದು ತುತ್ತಾದ್ರೂ ಉಂಡು ಹೋಗೇ ಅಕ್ಕ. ನೀನು ಬರೋದು ಬಿಟ್ಟ ಮೇಲೆ ಹಬ್ಬಕ್ಕೂ ಹೋಳಿಗೆ ತಟ್ಟೋಕೆ ಮನಸ್ಸು ಬಂದಿಲ್ಲ ನಂಗೆ!”

ನೀಲಮ್ಮನ ಕಣ್ಣು ಒದ್ದೆಯಾಯಿತು. “ಆ ಮುಂಡೇದು ಯಾರ ಮಾತು ಕೇಳುತ್ತೆ?”

“ಹೆಚ್ಚು ಜನ ಕಳಿಸಿದ ಮಾತು,” ಎಂದಳು ಕೊಟ್ರಮ್ಮ.

“ಅಷ್ಟೇನಾ!” ಬೆಳಗಾದರೆ ಊರಿಗೆಲ್ಲ ಮನೆಮದ್ದು ಹಂಚುವ ನೀಲಮ್ಮ ಫೋನು ತೆಗೆದು ಟೈಪಿಸಿದಳು. “ಎಚ್ಚರ! ಊಟದ ಮನೆಯಲ್ಲಿ ಮೋಟಾರಿದ್ದರೆ ಕರುಳಿಗೆ ಗಂಡಾಂತರ! ಕೂಡಲೇ ಹೊರಗಿಡಿ! ನಿಮ್ಮವರಿಗೆಲ್ಲ ಕಳಿಸಿ!”

“‘ವಿಜ್ಞಾನಿಗಳೇ ಬೆಚ್ಚಿಬಿದ್ದರು’ ಅಂತ ಸೇರಿಸೇ,” ಎಂದು ಕೊಟ್ರಮ್ಮ ಕಿಸಕ್ಕನೆ ನಕ್ಕಳು.

ಟಿಂಗ್! ಟಿಂಗ್! ಟಿಂಗ್! ಕಂಡಕಂಡ ಗುಂಪುಗಳಿಂದ ಅದೇ ಮೆಸೇಜು ತಿರುಗಿ ಬಂತು. ಯಂತ್ರ ಗಡಗಡ ನಡುಗಿತು. “ಊಟದ ಮನೆಯಲ್ಲಿ ಮೋಟಾರು! ಎಲ್ಲಿದೆ ಮೋಟಾರು? ಅಯ್ಯೋ, ನಾನೇ!” ತನ್ನ ಕತ್ತನ್ನು ತಾನೇ ಹಿಡಿದುಕೊಂಡು ದರದರ ಎಳೆದುಕೊಂಡು ಹೋಗಿ, ಹಿತ್ತಲ ನುಗ್ಗೆ ಮರದ ಕೆಳಗೆ ನಿಂತಿತು. ಅಕ್ಕ-ತಂಗಿ ಒಂದೇ ತಟ್ಟೆಯಲ್ಲಿ ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿಂದರು.

ವಾರ ಕಳೆದು ನೀಲಮ್ಮನ ಫೋನು ಬಂತು. “ಭಾನುವಾರ ಊಟಕ್ಕೆ ಬರ್ತೀನಿ ಕಣೇ. ಮಿಕ್ಸಿ, ಫ್ರಿಜ್ಜು ಹೊರಗಿಟ್ಟಿರು. ಇಲ್ಲಾಂದ್ರೆ ಒಂದು ತುತ್ತೂ ಮುಟ್ಟಲ್ಲ!”

“ಅಕ್ಕಾ! ಅದನ್ನ ಬರೆದೋಳು ನೀನೇ ಅಲ್ವೇನೇ?”

“ಬರೆದಾಗ ಸುಳ್ಳೇ ಇತ್ತು. ಈಗ ಎಷ್ಟು ಜನ ಕಳ್ಸ್ಯಾರೆ ನೋಡು!”

ಕೊಟ್ರಮ್ಮ ಫೋನಿಟ್ಟು ಮಿಕ್ಸಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅಕ್ಕ ಉಂಡರೆ ಸಾಕು. ಒರಳಲ್ಲಿ ಚಟ್ನಿ ರುಬ್ಬಲು ಪಂಚಾಕ್ಷರಿಗೆ ಎರಡು ಕೈ ಇದ್ದೇ ಇವೆ.