ಗುಂಡನ ಮುಖ ಓದಲು ಕಲಿತದ್ದು

ಮನೆಯಲ್ಲಿ ಹಸ್ಕಿ ಜಾತಿಯ ನಾಯಿಯೊಂದಿದ್ದರೆ, ಏನೂ ನಡೆಯದ ದಿನ ಎಂಬುದು ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಗುಂಡನನ್ನು ತಂದವರು ನನ್ನ ಯಜಮಾನರು. ಅವನ ಕಿವಿ ಅಲ್ಲಾಡಿದರೆ ಸಾಕು, "ನೀರು ಬೇಕಂತೆ", "ನಿನ್ನ ಮೇಲೆ ಸಿಟ್ಟು ಬಂದಿದೆ ಕಣೇ" ಎಂದು ನನಗೆ ತಿಳಿಸುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಉಳಿದವರು ನಾನು, ಗುಂಡ. ನಮ್ಮಿಬ್ಬರ ನಡುವೆ ಮಾತು ದಾಟಿಸಲು ಯಾರೂ ಇಲ್ಲ. ಅವನು ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ನಡುಮನೆಗೆ ಸುತ್ತುತ್ತಿದ್ದ. ಶಾಲೆಯಿಂದ ಬಂದ ಮೇಲೆ ನಾನೂ.

"ಅತ್ತಿಗೆ, ಇದನ್ನ ನೋಡ್ಕೊಳ್ಳೋದು ನಿಮ್ಮ ಕೈಲಾಗಲ್ಲ" ಎಂದ ನನ್ನ ಮೈದುನ. "ಕೆಂಗೇರಿ ಆಚೆ ನನ್ನ ಫ್ರೆಂಡ್ ತೋಟ ಇದೆ. ವರ್ಷದ ತಿಥಿ ಮುಗೀಲಿ, ಅವತ್ತು ಸಾಯಂಕಾಲವೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ."

ಬೇಡ ಎನ್ನಬೇಕೆನಿಸಿತು. ಆದರೆ ನಾಯಿಯ ಮುಖವೇ ಅರ್ಥವಾಗದವಳು ಯಾವ ಬಾಯಲ್ಲಿ ಹೇಳಲಿ?

ಸಂತಾಪ

ಯಜಮಾನರು ಹೋದ ಮೊದಲ ವಾರ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ ಮಾತಾಡಿಸಲು ಬಂದರು. ಗುಂಡ ಅವರ ಎದುರಿಗೆ ಕೂತ. ಕಿವಿ ಹಿಂದಕ್ಕೆ, ಹುಬ್ಬಿನಂಥ ಕಪ್ಪು ಗುರುತುಗಳು ಮೇಲಕ್ಕೆ, ನೀಲಿ ಕಣ್ಣ ತುಂಬಾ ನೀರು. ಗಂಟಲೊಳಗಿಂದ "ವೂ... ವೂ..." ಎಂದು ಮನುಷ್ಯರ ಹಾಗೇ ಎಳೆದ.

"ನೋಡಿ ಮೇಡಂ, ಮೂಕಪ್ರಾಣಿಗೆ ಎಷ್ಟು ಸಂಕಟ!" ಎಂದು ಅವರು ಅತ್ತರು. ನಾನೂ ಅತ್ತೆ. ಅವರು ಕರ್ಚೀಫಿಗಾಗಿ ಚೀಲ ತೆರೆದರು. ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಇಣುಕಿತು. ಗುಂಡ ಅದನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದ ಕೆಳಗೆ ಹೋದ. ಸಂಕಟ ಅಲ್ಲಿಗೆ ಮುಗಿಯಿತು.

ಆ ತಿಂಗಳು ನಮ್ಮ ಮನೆಗೆ ಬಂದವರಲ್ಲಿ ಬರಿಗೈಯಲ್ಲಿ ಬಂದವರಿಗೆ ಮಾತ್ರ ಗುಂಡನ ಸಂತಾಪ ಸಿಗಲಿಲ್ಲ.

ಕುತೂಹಲ

ಹೀಗಾದರೆ ಆಗದೆಂದು ಒಂದು ನೋಟ್‌ಬುಕ್ ಮಾಡಿದೆ. ಅಂಕಣ ಎಳೆದು ಕಿವಿ, ಕಣ್ಣು, ಬಾಲ, ನಂತರ ನಡೆದದ್ದು, ಎಂದು ಬರೆಯುತ್ತಾ ಹೋದೆ. ಎರಡು ತಿಂಗಳಲ್ಲಿ ಧೈರ್ಯ ಬಂತು.

ಬೆಳಿಗ್ಗೆ ವಾಕಿಂಗ್‌ನಲ್ಲಿ ತರಕಾರಿ ಗಾಡಿಯವನು ಒಂದು ಹೆಜ್ಜೆ ಹಿಂದೆ ಸರಿದ. "ಟೀಚರ್, ನಿಮ್ಮ ತೋಳ ನನ್ನನ್ನೇ ಗುರಾಯಿಸ್ತಾ ಇದೆ."

"ಹೆದರಬೇಡಪ್ಪ. ಕಿವಿ ಮುಂದಕ್ಕಿದೆ, ಬಾಲ ಬೆನ್ನ ಮೇಲೆ ಸಡಿಲವಾಗಿ ಸುರುಳಿ ಸುತ್ತಿದೆ, ತುಟಿ ಬಿಗಿದಿಲ್ಲ. ಇದು ಸಿಟ್ಟಲ್ಲ, ಕುತೂಹಲ" ಎಂದು ತರಗತಿಯಲ್ಲಿ ಹೇಳುವಂತೆಯೇ ವಿವರಿಸಿದೆ. ವಿವರಣೆ ತಪ್ಪಾಗಿರಲಿಲ್ಲ. ಸ್ವಲ್ಪ ಉದ್ದವಾಯಿತು.

"ನಿಮ್ಮ ಕುತೂಹಲ ಅರ್ಧ ಕೇಜಿ ಕ್ಯಾರೆಟ್ ತಿಂದಾಯ್ತು ಟೀಚರ್" ಎಂದ ಅವನು.

ಭಜನೆ

ಗುಂಡ ಸಂಜೆ ಆರಕ್ಕೆ ಸರಿಯಾಗಿ ಊಳಿಡಲು ಶುರುಮಾಡಿದ. ನಾಯಿ ಊಳಿಟ್ಟರೆ ಸಾವು ಎನ್ನುವುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕೆಳಗಿನ ಮನೆಯ ಆಂಟಿ ನೇರವಾಗಿ ನನ್ನ ಮೈದುನನಿಗೆ ಫೋನ್ ಮಾಡಿದರು. ಅವನು ತೋಟದ ಫ್ರೆಂಡಿಗೆ ದಿನ ಖಚಿತ ಮಾಡಿಬಿಟ್ಟ.

ನಾನು ಒಂದು ವಾರ ಆರು ಗಂಟೆಗೆ ಗುಂಡನ ಮುಂದೆ ಕೂತು ಬರೆದುಕೊಂಡೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಮೈ ಸಡಿಲ, ಬಾಲ ನಿಧಾನವಾಗಿ ನೆಲ ಗುಡಿಸುತ್ತದೆ. ಇದು ಸಂಕಟವಲ್ಲ, ಸುಖ. ಆರು ಗಂಟೆಗೆ ಆಂಟಿಯ ಮನೆಯಲ್ಲಿ ಮಹಿಳೆಯರ ಭಜನೆ ಶುರುವಾಗುತ್ತಿತ್ತು.

ಕೆಳಗೆ ಹೋಗಿ, ತುಂಬಾ ಯೋಚಿಸಿ, ಹೇಳಿದೆ: "ಅದು ಅಪಶಕುನ ನುಡೀತಾ ಇಲ್ಲ ಆಂಟಿ. ನಿಮ್ಮ ಜೊತೆ ಹಾಡ್ತಾ ಇದೆ."

ಆಂಟಿ ಕೆಂಪಾದರು. ಆ ಸಂಜೆ ಭಜನೆಯ ನಡುವೆ ಬಾಗಿಲು ತೆಗೆದು ಕಿವಿಗೊಟ್ಟರು. ಮರುದಿನ ನನ್ನನ್ನು ಪಕ್ಕಕ್ಕೆ ಕರೆದು, "ಹೌದು ಕಣಮ್ಮ, ಹಾಡ್ತಾನೇ ಇದೆ. ನಿಜ ಹೇಳ್ಲಾ? ನಮ್ಮ ಗುಂಪಲ್ಲಿ ಇಬ್ಬರಿಗಿಂತ ವಾಸಿ" ಎಂದರು.

ಆದರೆ ಮೈದುನ ತನ್ನ ಮಾತಿಂದ ಕದಲಲಿಲ್ಲ.

ಕಾಗೆ

ವರ್ಷದ ತಿಥಿ ಬಂತು. ಎಲೆಯ ಮೇಲೆ ಎಡೆ ಬಡಿಸಿ ತಾರಸಿಯಲ್ಲಿಟ್ಟು, ಕಾಗೆ ಮುಟ್ಟಲಿ ಎಂದು ಎಲ್ಲರೂ ಕಾದೆವು. ಹೋದವರ ಮನಸ್ಸಲ್ಲಿ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಮುಟ್ಟುವವರೆಗೆ ಮನೆಯವರಿಗೆ ಊಟವಿಲ್ಲ.

ಪಕ್ಕದ ಗೋಡೆಯ ಮೇಲೆ ಮೂರು ಕಾಗೆ ಕೂತಿದ್ದವು. ಇಳಿಯಲಿಲ್ಲ. ಒಂದು ಗಂಟೆಯಾಯಿತು. ನನ್ನವರ ಸೋದರತ್ತೆ, "ಅವನಿಗೆ ಚಕ್ಕುಲಿ ಅಂದ್ರೆ ಪ್ರಾಣ, ಇಟ್ಟಿಲ್ಲ ನೀವು" ಎಂದರು. ಚಕ್ಕುಲಿ ತಂದಿಟ್ಟೆವು. ಕಾಗೆ ತಲೆ ಓರೆಮಾಡಿ ನೋಡಿತು, ಅಷ್ಟೇ. "ಅಣ್ಣಾ, ನಿನ್ನ ಸ್ಕೂಟರ್ ಯಾರಿಗೂ ಕೊಡಲ್ಲ" ಎಂದು ಮೈದುನ ಕೈಮುಗಿದ. ಇಲ್ಲ. ಎರಡು ಗಂಟೆ. ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು.

ಎಲ್ಲರ ಕಣ್ಣೂ ಕಾಗೆಯ ಮೇಲಿತ್ತು. ನಾನೊಬ್ಬಳೇ ಹಿಂದೆ ತಿರುಗಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಗುಂಡ ಹೊಟ್ಟೆ ನೆಲಕ್ಕಂಟಿಸಿ, ಕಿವಿ ಮುಂದೆ ಮಾಡಿ, ಬಾಲ ಅಲ್ಲಾಡಿಸದೆ, ಕಾಗೆಗಳನ್ನೇ ದಿಟ್ಟಿಸುತ್ತಿದ್ದ. ಬೇಟೆಗೆ ಸಿದ್ಧ. ನನಗೆ ವರ್ಷ ಹಿಡಿದ ಪಾಠ ಕಾಗೆಗಳಿಗೆ ಹುಟ್ಟಿನಿಂದಲೇ ಬರುತ್ತಿತ್ತು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸೋದರತ್ತೆ, "ನಾಯಿ ವಿಷಯ ಇರ್ಬಹುದೇನೋ! ಅದನ್ನ ಮಗು ಥರ ಸಾಕಿದ್ದ" ಎಂದರು. ಎಲ್ಲರೂ ಮೈದುನನತ್ತ ತಿರುಗಿದರು. ನಾನು ಬಾಯಿ ಮುಚ್ಚಿಕೊಂಡೆ.

ಅವನು ಬೆವರೊರೆಸಿಕೊಂಡ. ಕಾಗೆ ನೋಡಿದ, ಹಸಿದ ನೆಂಟರನ್ನು ನೋಡಿದ. "ಆಯ್ತಣ್ಣ. ಗುಂಡನ್ನ ಎಲ್ಲಿಗೂ ಕಳಿಸಲ್ಲ. ಅತ್ತಿಗೆ ಹತ್ರಾನೇ ಇರ್ಲಿ."

ಅದೇ ಹೊತ್ತಿಗೆ ಕೆಳಗೆ ಅಡುಗೆಮನೆಯಲ್ಲಿ ಯಾವುದೋ ಪಾತ್ರೆಯ ಮುಚ್ಚಳ ಸದ್ದಾಯಿತು. ಗುಂಡನ ಒಂದು ಕಿವಿ ಮೆಟ್ಟಿಲ ಕಡೆ ತಿರುಗಿತು. ಮೂಗು ಎರಡು ಸಲ ಅದುರಿತು. ಎದ್ದ, ಸದ್ದಿಲ್ಲದೆ ಇಳಿದುಹೋದ.

ಮೂರೂ ಕಾಗೆ ಒಟ್ಟಿಗೆ ಎಡೆಗಿಳಿದವು.

ಸೋದರತ್ತೆ ಗೋಳೋ ಎಂದು ಅತ್ತರು. ಮೈದುನ ತಾರಸಿಯ ಮೇಲೆ ಉದ್ದಂಡ ಮಲಗಿ ನಮಸ್ಕಾರ ಮಾಡಿದ. ನಾನು ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು. ಆದರೂ ಕಣ್ಣೊರೆಸಿಕೊಂಡೆ.

ಕೆಳಗಿನಿಂದ ಮೈದುನನ ಹೆಂಡತಿ ಕಿರುಚಿದಳು: "ರೀ! ಗುಂಡ ವಡೆ ಪಾತ್ರೆಗೇ ಬಾಯಿ ಹಾಕ್ಬಿಟ್ಟ! ಬನ್ರೀ, ಬೈರಿ ಅದಕ್ಕೆ!"

ಮಲಗಿದ್ದಲ್ಲಿಂದಲೇ ಮೈದುನ ತಲೆಯೆತ್ತಿ ಪಿಸುದನಿಯಲ್ಲೇ ಕೂಗಿದ: "ಸುಮ್ನಿರೇ, ತಿನ್ಲಿ ಬಿಡು! ಕಾಗೆ ಇನ್ನೂ ಇಲ್ಲೇ ಇದೆ!"