ಕುರ್ಚಿ ನುಡಿದ ಸಾಕ್ಷಿ

ಅನುಮಾನಣ್ಣ ಬೆಳಿಗ್ಗೆ ಆಫೀಸಿಗೆ ಬಂದು ತನ್ನ ಕುರ್ಚಿಯಲ್ಲಿ ಕೂತ. ಕೂತವನು ಎದ್ದ. ಎದ್ದವನು ಮತ್ತೆ ಕೂತ. ಮೇಜು ಇದ್ದಕ್ಕಿದ್ದಂತೆ ಎತ್ತರವಾದ ಹಾಗಿತ್ತು. ಬಗ್ಗಿ ನೋಡಿದ. ಮೇಜು ಇದ್ದ ಹಾಗೇ ಇತ್ತು, ಕುರ್ಚಿ ನಾಲ್ಕು ಬೆರಳು ಕೆಳಗಿಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಕುರ್ಚಿಯ ಪಕ್ಕದ ಹಿಡಿ ಎಳೆದು, ಮೇಲೆ ಮಾಡಿಕೊಂಡು, ಕೆಲಸ ಶುರು ಮಾಡುತ್ತಿದ್ದರು. ಆದರೆ ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿ ಆಫೀಸಿಗೆಲ್ಲ ಅವನು ಅನುಮಾನಣ್ಣನೇ ಆಗಿದ್ದು ಸುಮ್ಮನೆ ಅಲ್ಲ. ಲಿಫ್ಟಿನಲ್ಲಿ ಇಬ್ಬರು ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಎನ್ನುವವನು ಅವನು. ನಗದೆ ನಿಂತಿದ್ದರೆ, ತಾನು ಬಂದೆನೆಂದೇ ನಗು ನಿಲ್ಲಿಸಿದರು ಎನ್ನುವವನು.

ಅಂಥವನ ಕುರ್ಚಿ ಇಳಿದಿತ್ತು, ಅದೂ ಅಂಥ ದಿನ. ಆ ದಿನ ಸಂಜೆ ನಾಲ್ಕಕ್ಕೆ ಮ್ಯಾನೇಜರು ತಂಡದ ಹೊಸ ಲೀಡರ್ ಯಾರೆಂದು ಹೇಳುವವರಿದ್ದರು. ಕಣದಲ್ಲಿದ್ದವರು ಇಬ್ಬರೇ: ಹಿರಿಯ ಪ್ರೋಗ್ರಾಮರ್ ಅನುಮಾನಣ್ಣ ಮತ್ತು ಕಿರಿಯ ಪ್ರೋಗ್ರಾಮರ್ ಆಗಿದ್ದ ಅವನ ಭಾವಮೈದುನ. ಹೆಂಡತಿಯ ತಮ್ಮನೆಂದು ಈ ಕಂಪನಿಗೆ ಸೇರಿಸಿದ್ದೂ, ಮನೆಯ ಮಹಡಿ ಕೋಣೆ ಬಿಟ್ಟುಕೊಟ್ಟದ್ದೂ ಅನುಮಾನಣ್ಣನೇ. ಇತ್ತ ಹೆಂಡತಿ, ತವರಿಗೂ ಅತ್ತೆಗೂ ಫೋನು ಮಾಡಿ "ಇವರು ಲೀಡರ್ ಆದ ಹಾಗೇ" ಎಂದು ಆಗಲೇ ಸಾರಿಬಿಟ್ಟಿದ್ದಳು. ಆಗದೆ ಹೋದರೆ ಎರಡೂ ಮನೆಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಆಗುವ ಭರವಸೆಯೂ ಇತ್ತೆನ್ನಿ. ಇತ್ತೀಚೆಗೆ ಅವನು ಮುಟ್ಟಿದ್ದೆಲ್ಲ ಕೈಹತ್ತುತ್ತಿತ್ತು. ಸಂಜೆ ಮುಗ್ಗರಿಸಿ ನಿಂತ ಪ್ರೋಗ್ರಾಮು ಬೆಳಿಗ್ಗೆ ಬಂದು ನೋಡಿದರೆ ಕುದುರೆಯ ಹಾಗೆ ಓಡುತ್ತಿತ್ತು. ಹಿಟ್ಟು ಹುದುಗು ಬರುವುದಕ್ಕೆ ಒಂದು ರಾತ್ರಿ ಬೇಕಾದ ಹಾಗೆ ಪ್ರೋಗ್ರಾಮಿಗೂ ಬೇಕು ಎಂಬ ಸಿದ್ಧಾಂತವನ್ನೇ ಅವನು ಕಟ್ಟಿದ್ದ. ಮ್ಯಾನೇಜರು ಎರಡು ಸಲ ಬೆನ್ನು ತಟ್ಟಿದ್ದರು.

"ಅಕ್ಕಾ, ನನ್ನ ಕುರ್ಚೀಲಿ ಯಾರಾದ್ರೂ ಕೂತಿದ್ರಾ?" ಎಂದು ಪಕ್ಕದ ಮೇಜಿನವರನ್ನು ಕೇಳಿದ. ಅವರು ಟೆಸ್ಟಿಂಗ್ ಅಕ್ಕ. ಬೇರೆಯವರ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕುವುದು ಅವರ ಉದ್ಯೋಗ. ಬಿಡುವಾದಾಗ ಅದನ್ನೇ ಮನುಷ್ಯರಲ್ಲಿ ಮಾಡುತ್ತಿದ್ದರು.

"ನಾನು ಹೊತ್ತು ಮುಳುಗೋಕೆ ಮುಂಚೆ ಮನೆ ಸೇರೋಳಪ್ಪ. ಆಮೇಲೆ ಯಾರು ಕೂತ್ರು, ಯಾರು ಮಲಗಿದ್ರು, ನಂಗೇನು ಗೊತ್ತು?" ಎಂದ ಅಕ್ಕ ದನಿ ತಗ್ಗಿಸಿದರು. "ಆದ್ರೂ ಒಂದ್ಮಾತು. ನಿಮಗಿಂತ ಮುಂಚೆ ಈ ಜಾಗದಲ್ಲಿ ಒಬ್ರಿದ್ರಲ್ಲ, ಅವರ ಕುರ್ಚೀನೂ ಹೀಗೇ ಇಳೀತು. ವಾರದೊಳಗೆ ಅವರೂ ಇಳಿದ್ರು."

"ಎಲ್ಲಿಗೆ ಇಳಿದ್ರು?"

"ಕೆಳಗಿನ ಮಹಡಿಗೆ. ಗಿರಾಕಿಗಳ ದೂರು ಕೇಳೋ ಕೆಲಸ. ಈಗ ಪಾಪ ಒಂದು ಕಿವಿ ಕೇಳಿಸಲ್ವಂತೆ." ಅಕ್ಕ ಕುರ್ಚಿಯನ್ನೊಮ್ಮೆ ಅಳೆದು ನೋಡಿದರು. "ಕೂತೋರು ಕುಳ್ಳಗಿರಬೇಕು ನೋಡಿ. ಕಾಲು ನೆಲಕ್ಕೆ ಎಟುಕಿಲ್ಲ, ಇಳಿಸ್ಕೊಂಡಿದಾರೆ."

ಇಬ್ಬರೂ ಒಟ್ಟಿಗೆ ತಿರುಗಿ ಮೂಲೆಯ ಮೇಜಿನತ್ತ ನೋಡಿದರು. ಆಫೀಸಿನಲ್ಲಿ ಕುಳ್ಳಗಿದ್ದವನು ಭಾವಮೈದುನ ಒಬ್ಬನೇ. ಇವರು ನೋಡಿದ್ದೇ ತಡ, ಅವನು ಬೆವರು ಒರೆಸಿಕೊಂಡು ಪರದೆಯ ಹಿಂದೆ ಹುದುಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ ಎಂದುಕೊಂಡ ಅನುಮಾನಣ್ಣ ಹೊರಗೆ ಹೋಗಿ ಹೆಂಡತಿಗೆ ಫೋನು ಹಚ್ಚಿದ.

"ನಿನ್ನ ತಮ್ಮ ದಿನಾ ಎಷ್ಟೊತ್ತಿಗೆ ಬರ್ತಾನೆ ಮನೆಗೆ?"

"ಊಟದ ಹೊತ್ತಿಗೆ. ಯಾಕ್ರೀ?"

"ನಾನು ಎದ್ದು ಬಂದ್ಮೇಲೆ ನನ್ನ ಕುರ್ಚೀಲಿ ಕೂತು ರೂಢಿ ಮಾಡ್ಕೊಳ್ತಿದಾನೆ ಅವನು!"

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹೆಂಡತಿ ಹೇಳಿದಳು: "ನೋಡ್ರೀ, ಇವತ್ತೊಂದು ದಿನ ನಾಲ್ಕು ಗಂಟೆ ತನಕ ಸುಮ್ಮನಿದ್ದುಬಿಡಿ. ಏನೂ ಮಾಡ್ಬೇಡಿ. ಕೆಲಸ ಕೂಡ ಮಾಡ್ಬೇಡಿ."

ಆ ಒಂದು ಕ್ಷಣ ಯಾಕೆ ಸುಮ್ಮನಾದಳು? ಅಕ್ಕ ತಮ್ಮ ಸೇರಿ ಏನೋ ಹೂಡಿದ್ದಾರೆ. ಸುಮ್ಮನಿರಬೇಕಂತೆ! ಈಗಲೇ ಕಳ್ಳನನ್ನು ಹಿಡಿದು ಮ್ಯಾನೇಜರ ಮುಂದೆ ನಿಲ್ಲಿಸುತ್ತೇನೆ ಎಂದು ಹಲ್ಲು ಕಚ್ಚಿದ.

ಹಿಡಿಯುವುದಕ್ಕೆ ದಾರಿಯೂ ಇತ್ತು. ಆಫೀಸುಗಳ ಬಾಗಿಲು, ದೀಪ, ಆಸನಗಳಿಗೆ ಬುದ್ಧಿ ತುಂಬುವ ಪ್ರೋಗ್ರಾಮು ಬರೆಯುವುದೇ ಆ ಕಂಪನಿಯ ಕಸುಬು. ಬರೆದದ್ದೆಲ್ಲ ಮೊದಲು ತಮ್ಮ ಆಫೀಸಿನ ಮೇಲೇ ಪ್ರಯೋಗ. ಕುರ್ಚಿಯಲ್ಲಿ ಕೂತರೆ ಕೊರಳಿನ ಗುರುತಿನ ಚೀಟಿಯಿಂದ ಇಂಥವರೆಂದು ಅದಕ್ಕೆ ಗೊತ್ತಾಗುತ್ತಿತ್ತು. ಬೆನ್ನು ಬಗ್ಗಿದರೆ ಒಳಗಿಂದ ಒಂದು ಹೆಣ್ಣು ದನಿ "ನೆಟ್ಟಗೆ ಕೂರಿ" ಎಂದು ಮೆಲ್ಲಗೆ ಹೇಳುತ್ತಿತ್ತು. ಕುರ್ಚಿಗೆ ಎಲ್ಲವೂ ಗೊತ್ತು, ಯಾರಾದರೂ ಕೇಳಿದರೆ ಹೇಳುವ ಕರಾರು ಮಾತ್ರ ಅದಕ್ಕೆ ಇರಲಿಲ್ಲ.

ಈ ಕರಾರನ್ನು ಪ್ರೋಗ್ರಾಮರುಗಳು ಇಂಟರ್‌ಫೇಸ್ ಎನ್ನುತ್ತಾರೆ. ಅದರಲ್ಲಿ ಇರುವುದೆಲ್ಲ ಮಾತು: ಇಂಥಿಂಥ ಕೆಲಸ ಮಾಡಿಕೊಡುತ್ತೇನೆ ಎಂದು ಕೊಟ್ಟ ಮಾತು. ಅನುಮಾನಣ್ಣ ಹಿಂದೆ 'ಆಸನ' ಎಂಬ ಕರಾರು ಬರೆದಿದ್ದ. ಕುರ್ಚಿ, ಸೋಫಾಗಳ ಜೊತೆಗೆ, ಕೂರುವುದು ಎಲ್ಲಿ ಕೂತರೂ ಒಂದೇ ತಾನೆ ಎಂದು, ಶೌಚಾಲಯದ ಕಮೋಡನ್ನೂ ಅದಕ್ಕೇ ಸೇರಿಸಿ ಕೈ ತೊಳೆದುಕೊಂಡಿದ್ದ. ಒಂದು ಕರಾರು ಇನ್ನೊಂದರ ಮಗುವಾಗಬಹುದು. ಆದರೆ ಆಗ ಮೇಲಿನದು ಕೊಟ್ಟ ಮಾತೆಲ್ಲ ಕೆಳಗಿನದರ ತಲೆಗೂ ಬರುತ್ತದೆ. ಮದುವೆಯಾದವನಿಗೆ ಹೆಂಡತಿಯೊಬ್ಬಳೇ ಬರದೆ ಅವಳ ಬಳಗವೆಲ್ಲ ಬರುವ ಹಾಗೆ.

ಊಟವನ್ನೂ ಬಿಟ್ಟು ಹುಡುಕಿದಾಗ, ಗೋದಾಮಿನ ಬಾಗಿಲುಗಳಿಗೆಂದು ಭಾವಮೈದುನ ಬರೆದಿಟ್ಟ 'ಸಾಕ್ಷಿ' ಎಂಬ ಕರಾರು ಸಿಕ್ಕಿತು. ಯಾರು ಬಂದರು, ಯಾವಾಗ ಬಂದರು ಎಂದು ಹೇಳುವ ಮಾತು ಅದರಲ್ಲಿತ್ತು. ಹೇಗೆ ಹೇಳಬೇಕೆಂಬುದನ್ನೂ ಅಲ್ಲೇ ಬರೆದಿದ್ದರಿಂದ ಮತ್ತೆ ಮೈ ಮುರಿಯಬೇಕಿರಲಿಲ್ಲ. ಕಳ್ಳನ ಕೋಲಿನಿಂದಲೇ ಕಳ್ಳನಿಗೆ ಏಟು! ಅನುಮಾನಣ್ಣ 'ಆಸನ'ವನ್ನು 'ಸಾಕ್ಷಿ'ಯ ಮಗುವನ್ನಾಗಿ ಮಾಡಲು ಒಂದೇ ಒಂದು ಸಾಲು ಬರೆದ.

ಅಷ್ಟರಲ್ಲಿ ಹಿಂದಿನಿಂದ ಸಣ್ಣ ದನಿ ಕೇಳಿಸಿತು. "ಭಾವ, 'ಸಾಕ್ಷಿ' ತಗೊಳ್ತಿದೀರಾ? ಅದರ ಮೇಲೆ ಇನ್ನೊಂದು..."

ಅನುಮಾನಣ್ಣ ಎರಡು ಕೈಯಲ್ಲೂ ಪರದೆಯನ್ನು ತಬ್ಬಿಕೊಂಡ. "ನಿನ್ನ ಕೆಲಸ ನೀನು ನೋಡ್ಕೋ."

"ಅಲ್ಲ ಭಾವ, ಒಂದೇ ಒಂದು ಮಾತು ಕೇಳಿ..."

"ನೀನು ಮಾತಾಡೋದು ಬೇಡಪ್ಪಾ. ಇವತ್ತು ಮಾತಾಡೋರೇ ಬೇರೆ."

ಭಾವಮೈದುನ ಮೆಲ್ಲಗೆ ಹಿಂದೆ ಸರಿದ. ಅವನ ಮುಖ ಬಾಡಿದ್ದನ್ನು ಕಂಡು ಅನುಮಾನಣ್ಣ ಹಿಗ್ಗಿದ, ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಗುಂಡಿ ಒತ್ತಿದ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಕಂಪೈಲರು ಒಂದೂ ತಪ್ಪು ತೋರಿಸಲಿಲ್ಲ. ಕಂಪೈಲರಿನ ಬುದ್ಧಿಯೇ ಅಷ್ಟು: ಕೊಟ್ಟ ಮಾತಿಗೆ ತಕ್ಕ ಕೆಲಸ ಇದೆಯೇ ಎಂದಷ್ಟೇ ನೋಡುತ್ತದೆ, ಅದರಿಂದ ಯಾರ ಮಾನ ಹೋಗುತ್ತದೆ ಎಂದು ನೋಡುವುದಿಲ್ಲ. ಹೊಸ ಪ್ರೋಗ್ರಾಮು ಆಫೀಸಿನ ಆಸನಗಳಿಗೆಲ್ಲ ಹೋಗಿ ಕೂತಿತು.

ಮೊದಲು ಎದ್ದವರು ಟೆಸ್ಟಿಂಗ್ ಅಕ್ಕ. ಅವರ ಕುರ್ಚಿ ಇಡೀ ಮಹಡಿಗೆ ಕೇಳುವ ಹಾಗೆ ಕೂಗಿತು: "ಹಿರಿಯ ಪರೀಕ್ಷಕರು ಎದ್ದರು! ಊಟದ ನಂತರ ಕೂತು ನಿದ್ದೆ ಮಾಡಿ ಎದ್ದರು!"

"ಅಯ್ಯೋ ಶನಿಯೇ, ಯಾರು ನಿದ್ದೆ ಮಾಡಿದ್ದು?" ಎಂದು ಅಕ್ಕ ಕುರ್ಚಿಗೆ ಹೊಡೆದರು. ಗಾಬರಿಗೆ ಅಕ್ಕಪಕ್ಕದವರೂ ಎದ್ದು ನಿಂತರು. ಎದ್ದವರ ಕುರ್ಚಿಗಳೆಲ್ಲ ಕೂಗಿದವು. ಕೂತರೆ "ಕೂತರು!" ಎಂದವು. ಮೂಲೆಯ ಸೋಫಾ, ತನ್ನ ಮೇಲೆ ಕೂತಿದ್ದ ಇಬ್ಬರೂ ಬೆಳಿಗ್ಗೆಯಿಂದ ಎದ್ದೇ ಇಲ್ಲವೆಂದು ಊರಿಗೆಲ್ಲ ಹೇಳಿತು.

ಅನುಮಾನಣ್ಣ 'ಸಾಕ್ಷಿ'ಯನ್ನು ತೆರೆದು ಮೇಲಿನ ಸಾಲು ಓದಿದ. 'ಸಾಕ್ಷಿ'ಗೂ ಒಂದು ತಾಯಿ ಕರಾರಿತ್ತು. ಅದರ ಹೆಸರು 'ಡಂಗುರ'. ಗೋದಾಮಿಗೆ ಕಳ್ಳರು ನುಗ್ಗಿದರೆ ಗಂಟಲು ಹರಿಯುವಂತೆ ಕೂಗುತ್ತೇನೆ ಎಂದು ಅದು ಕೊಟ್ಟ ಮಾತು 'ಸಾಕ್ಷಿ'ಗೆ ಬಂದು, ಅಲ್ಲಿಂದ 'ಆಸನ'ಕ್ಕೂ ಇಳಿದಿತ್ತು. ತಾಯಿಯನ್ನು ನೋಡಿ ಒಪ್ಪಿದ್ದ, ಅಜ್ಜಿಯನ್ನು ನೋಡಿರಲಿಲ್ಲ.

ಆಗ ಪಡಸಾಲೆಯ ಕೊನೆಯಿಂದ, ಶೌಚಾಲಯದ ಕಡೆಯಿಂದ, ಅದೇ ಹೆಣ್ಣು ದನಿ ಗುಡುಗಿತು: "ಮ್ಯಾನೇಜರು! ಕೂತು ಬಹಳ ಹೊತ್ತಾಯಿತು! ಇನ್ನೂ ಎದ್ದಿಲ್ಲ!"

ಎದ್ದು ನಿಂತವರೆಲ್ಲ ಆ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಅದೇ ದನಿ "ಎದ್ದರು!" ಎಂದಿತು. ಯಾರೋ ಕೆಮ್ಮಿದರು.

ಮ್ಯಾನೇಜರು ಒದ್ದೆ ಕೈಯಲ್ಲೇ ಬಂದರು. ಮುಖ ಕೆಂಡವಾಗಿತ್ತು. "ಯಾರ್ರೀ ಇದು ಮಾಡಿದ್ದು?"

ಇರಲಾರದೆ ಇರುವೆ ಬಿಟ್ಟುಕೊಂಡದ್ದಾಗಿತ್ತು. ಇನ್ನು ಕಳ್ಳನನ್ನು ಒಪ್ಪಿಸಿದರೆ ಮಾತ್ರ ತಾನು ಉಳಿಯುವುದು ಎಂದು ಅನುಮಾನಣ್ಣ ಎದೆ ಸೆಟೆಸಿ ಮುಂದೆ ಬಂದ. "ನಾನೇ ಸರ್. ನಮ್ಮಲ್ಲೇ ಒಬ್ಬ ದ್ರೋಹಿ ಇದಾನೆ. ದಿನಾ ನನ್ನ ಜಾಗದಲ್ಲಿ ಕದ್ದು ಕೂರ್ತಾನೆ. ಈ ಕುರ್ಚಿ ಬಾಯಿಂದಾನೇ ಕೇಳಿ."

ಗುಂಡಿ ಒತ್ತಿದ. ಕುರ್ಚಿ ಗಂಟಲು ಬಿಚ್ಚಿತು: "ನಿನ್ನೆ ಸಂಜೆ, ಕಿರಿಯ ಪ್ರೋಗ್ರಾಮರ್! ಮೊನ್ನೆ ಸಂಜೆ, ಕಿರಿಯ ಪ್ರೋಗ್ರಾಮರ್! ಅದರ ಹಿಂದಿನ ಸಂಜೆ, ಕಿರಿಯ ಪ್ರೋಗ್ರಾಮರ್!" ಹೀಗೇ ಹಿಂದೆ ಹಿಂದೆ ಹೋಗುತ್ತ, ಸಾಕು ಎನ್ನುವವರೆಗೂ ಕೂಗಿತು.

"ಕೇಳಿದ್ರಾ ಸರ್?" ಎಂದು ಅನುಮಾನಣ್ಣ ಕುಣಿದ. "ನನ್ನ ಅನ್ನ ತಿಂದು ನನಗೇ ಗುಂಡಿ ತೋಡಿದಾನೆ!"

ಮ್ಯಾನೇಜರು ಭಾವಮೈದುನನ ಕಡೆ ತಿರುಗಿದರು. "ಏನ್ ಮಾಡ್ತಿದ್ರಿ ಅಲ್ಲಿ?"

"ಏನಿಲ್ಲ ಸರ್."

"ಏನಿಲ್ಲ ಅಂದ್ರೆ? ಹೇಳದಿದ್ರೆ ಇವತ್ತೇ ಕೆಲಸ ಬಿಟ್ಟು ಹೋಗ್ಬೇಕಾಗುತ್ತೆ."

ಭಾವಮೈದುನ ನೆಲ ನೋಡಿದ, ಭಾವನ ಮುಖ ನೋಡಿದ. ಕಣ್ಣಲ್ಲಿ ನೀರಾಡಿತು. "ಭಾವ ಬರೆದ ಪ್ರೋಗ್ರಾಮನ್ನ... ಸ್ವಲ್ಪ ರಿಪೇರಿ ಮಾಡ್ತಿದ್ದೆ ಸರ್."

"ಸ್ವಲ್ಪ ಅಂದ್ರೆ?"

"ಪೂರ್ತಿ ಸರ್. ಅಕ್ಕ ಹೇಳಿದ್ಲು, ಭಾವ ಲೀಡರ್ ಆಗ್ಬೇಕು, ಯಾರಿಗೂ ಗೊತ್ತಾಗ್ಬಾರ್ದು ಅಂತ. ಭಾವನ ಪಾಸ್‌ವರ್ಡೂ ಅವಳೇ ಕೊಟ್ಟಿದ್ಲು. ನಿನ್ನೆ ಮಾತ್ರ ಕುರ್ಚಿ ಮೇಲೆತ್ತಿಡೋಕೆ ಮರೆತೆ. ನನಗೆ ಲೀಡರ್ ಆಗೋದು ಬೇಡ ಸರ್. ಭಾವ ನನಗೆ ಕೆಲಸ ಕೊಡಿಸಿದ್ದು."

ಹಗ್ಗ ಕಂಡರೆ ಹಾವೆಂದು ಹಾರಿದವನು, ಲಿಫ್ಟನ್ನೂ ಹೆಂಡತಿಯನ್ನೂ ಕುರ್ಚಿಯನ್ನೂ ಅನುಮಾನಿಸಿದವನು, ರಾತ್ರೋರಾತ್ರಿ ಸರಿಯಾಗುತ್ತಿದ್ದ ಪ್ರೋಗ್ರಾಮನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ. ಅನುಮಾನಣ್ಣನಿಗೆ ನಾಚಿಕೆಯಾಯಿತು, ಅಳುವೂ ಬಂತು. ಆಗ ಆ ಬಾಡಿದ ಮುಖವನ್ನು ಕಂಡು ತಾನು ಹಿಗ್ಗಿದ್ದು ನೆನಪಾಗಿ ಇನ್ನಷ್ಟು ಸಂಕಟವಾಯಿತು.

ಮ್ಯಾನೇಜರು ನಿಟ್ಟುಸಿರು ಬಿಟ್ಟರು. "ಲೀಡರ್ ನೀವೇ ಅಂತ ಬೆಳಿಗ್ಗೇನೇ ಮೇಲಿನವರಿಗೆ ಹೇಳಿ ಒಪ್ಪಿಸಿದ್ದೆ ಕಣ್ರೀ. ನಾಲ್ಕು ಗಂಟೆಗೆ ಬಾಯಿಬಿಟ್ಟು ಹೇಳೋದೊಂದೇ ಬಾಕಿ ಇತ್ತು. ಈಗ ಕೆಲಸ ಮಾಡಿದೋರು ಯಾರು ಅಂತ ಕುರ್ಚಿನೇ ಹೇಳಿದ್ಮೇಲೆ ನಾನೇನು ಹೇಳ್ಲಿ?" ಭಾವಮೈದುನನ ಹೆಗಲ ಮೇಲೆ ಕೈಯಿಟ್ಟರು. "ಇವರೇ ಲೀಡರ್. ಆ ಸಾಕ್ಷಿ ಇರ್ಲಿ, ಯಾರು ಎಷ್ಟು ಕೂರ್ತಾರೆ ಅಂತ ನನಗೂ ಅನುಮಾನ ಇತ್ತು. ಕೂಗೋದು ಮಾತ್ರ ನಿಲ್ಲಬೇಕು."

ಹೊಸ ಲೀಡರ್ ಹತ್ತಿರ ಬಂದು, ಎಂದಿಗಿಂತ ಸಣ್ಣ ದನಿಯಲ್ಲಿ ಹೇಳಿದ: "ಕ್ಷಮಿಸಿ ಭಾವ. 'ಸಾಕ್ಷಿ' ಮೇಲೆ 'ಡಂಗುರ' ಇದೆ ಅಂತ ಹೇಳೋಕೇ ಬಂದಿದ್ದೆ. ಈಗ ಒಂದೊಂದು ಆಸನಕ್ಕೂ ಕೂಗೋ ಜಾಗದಲ್ಲಿ ಏನೂ ಮಾಡಬೇಡ ಅಂತ ಬರೆದ್ರೆ ಆಯ್ತು, ಕರಾರೂ ಉಳಿಯುತ್ತೆ, ಬಾಯೂ ಮುಚ್ಚುತ್ತೆ. ಕುರ್ಚಿ, ಸೋಫಾ ನಾನು ನೋಡ್ಕೊಳ್ತೀನಿ. ನೀವು... ಆ ಕಡೇದು ನೋಡ್ತೀರಾ?" ಎಂದು ಪಡಸಾಲೆಯ ಕೊನೆಗೆ ಕಣ್ಣು ತೋರಿಸಿದ.

ಅನುಮಾನಣ್ಣ ತಲೆಯಾಡಿಸಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು. ಹೆಂಡತಿ. ನಾಲ್ಕು ಗಂಟೆಯಾಗಿತ್ತು. ಇಷ್ಟು ಜನರ ಎದುರು ಏನು ಹೇಳುವುದು? ಸರಸರನೆ ನಡೆದು, ಯಾರೂ ಕಾಣದ ಜಾಗ ಅದೊಂದೇ ಎಂದು ಶೌಚಾಲಯ ಹೊಕ್ಕು, ಚಿಲಕ ಹಾಕಿ, ಮುಚ್ಚಳದ ಮೇಲೇ ಕುಸಿದು ಕೂತ. ಫೋನು ಬಡಿದು ಬಡಿದು ನಿಂತಿತು. ಎರಡನೇ ಸಲ ನಿಂತಿತು. ಮೂರನೇ ಸಲಕ್ಕೆ ಧೈರ್ಯ ತಂದುಕೊಂಡು ಎತ್ತಿದ.

"ಏನ್ರೀ, ಎಷ್ಟು ಸಲ ಮಾಡೋದು? ಏನಾಯ್ತು? ಅಮ್ಮ ಲೈನಲ್ಲೇ ಇದಾರೆ, ಹೇಳಿ!"

"ಇನ್ನೂ ಮೀಟಿಂಗಲ್ಲೇ ಇದೀನಿ ಕಣೇ," ಎಂದು ಪಿಸುಗುಟ್ಟಿದ. "ಮ್ಯಾನೇಜರ ಎದುರಿಗೇ ಕೂತಿದೀನಿ. ಆಮೇಲೆ..."

ಕೆಳಗಿನಿಂದ ಆ ಹೆಣ್ಣು ದನಿ ಗಂಟಲು ಹರಿಯುವಂತೆ ಕೂಗಿತು: "ಕೂತು ಬಹಳ ಹೊತ್ತಾಯಿತು! ಇನ್ನೂ ಎದ್ದಿಲ್ಲ!"

ಈಗ ಹೆಂಡತಿಯ ದನಿ, ಬೆಳಿಗ್ಗೆ ಕುರ್ಚಿಯ ವಿಷಯ ಕೇಳಿದ ಅವನ ದನಿಯ ಹಾಗೇ ಇತ್ತು.

"ರೀ, ಯಾರ್ರೀ ಅವಳು?"